ಪೂಜೆಯ ಕನ್ನಡಕ

ಚಾಮರಾಜನಗರ
10-8-1955

ಅಕ್ಕನಿಗೆ ತಮ್ಮ ಶಂಭುಲಿಂಗಪ್ಪನ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ ಕೇಳು. ಈ ಶ್ರಾವಣ ಸೋಮವಾರ ದೊಡ್ಡಂಗಡಿ ಬೀದಿಯಲ್ಲಿ ನಿನ್ನ ತಮ್ಮನ ಕನ್ನಡಕದ ಅಂಗಡಿ ಬಾಗಿಲು ತೆರೆಯಿತು. ಮೈಸೂರಿನಲ್ಲಿ ಯಾರದೋ ಅಂಗಡಿಯಲ್ಲಿ ಕೂತು ಗಾಜು ಉಜ್ಜಿದ್ದು ಸಾಕು, ಇನ್ನು ಉಜ್ಜಿದರೆ ನನ್ನ ಗಾಜನ್ನೇ ಉಜ್ಜುತ್ತೇನೆ ಎಂದು ಹೊರಟು ಬಂದೆ. ಆಳುದ್ದದ ಕನ್ನಡಿ, ಬೀರು ತುಂಬ ಫ್ರೇಮು, ಕಣ್ಣು ಪರೀಕ್ಷೆಗೆ ಗಾಜಿನ ಪೆಟ್ಟಿಗೆ, ಕೈಯಲ್ಲಿ ಹಿಡಿದು ಓದಲು ಅಕ್ಷರದ ರಟ್ಟು. ಮೇಲಿನ ಸಾಲಿನ ಅಕ್ಷರ ಅಡಿಕೆಯಷ್ಟು, ಕೆಳಗಿನದು ಸಾಸಿವೆಯಷ್ಟು. ನೋಡಿದವರು ಮೈಸೂರೇ ಇಳಿದು ಬಂದಿದೆ ಎನ್ನುತ್ತಾರೆ.

ವಕೀಲರು, ಮೇಷ್ಟ್ರುಗಳು, ತಾಲ್ಲೂಕು ಕಚೇರಿಯ ಗುಮಾಸ್ತರು ಬಂದರು. ಬಂದವರನ್ನು ನಾನು ಬರಿಗಣ್ಣಲ್ಲಿ ಕಳಿಸಿಲ್ಲ. ಆದರೆ ಈ ಹಳ್ಳಿಯವರ ಜಿಪುಣತನ ಇದೆಯಲ್ಲ, ಅದಕ್ಕೆ ಯಾವ ಗಾಜೂ ಇಲ್ಲ. ಕುದೇರಿನ ಚಿಕ್ಕಬೀರಯ್ಯ ಅಂತ ಒಬ್ಬ ರೈತ ಬಂದ. ರಟ್ಟು ಕೈಗೆ ಕೊಟ್ಟು “ಕಾಣುತ್ತಾ?” ಎಂದೆ. ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ, “ಎಲ್ಲ ಚೆಂದಾಗಿ ಕಾಣ್ತದ ಬುಡ್ಲಾ” ಎಂದು ಎದ್ದು ಹೋದ. ಹೊರಗೆ ನಿಂತು ಬೀಡಿ ಹಚ್ಚಲು ಹೋಗಿ ಮೀಸೆ ಸುಟ್ಟುಕೊಂಡ. ದುಡ್ಡು ಬಿಚ್ಚುವುದಕ್ಕಿಂತ ಮೀಸೆ ಸುಟ್ಟುಕೊಳ್ಳುವುದೇ ಅವನಿಗೆ ಲಾಭ.

ಇರಲಿ, ನಾನು ಬಿಡುವವನಲ್ಲ. ಚಾಮರಾಜನಗರ ನಿಂತ ಮೇಲೆ ಗುಂಡ್ಲುಪೇಟೆ. ಅಲ್ಲಿ ಅಂಗಡಿ ನಿನ್ನದು. ಭಾವನವರ ಹತ್ತಿ ಮಂಡಿಯ ಮುಂದಿನ ಕೋಣೆ ಖಾಲಿಯೇ ಇದೆಯಲ್ಲ? ಹೆಂಗಸರು ನನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಪರಗಂಡಸು ಕಿವಿಯ ಹಿಂದೆ ಕೈ ಹಾಕಿ ಫ್ರೇಮು ಕೂರಿಸಬೇಕೆಂದರೆ ಯಾರು ಬಂದಾರು? ನೀನು ಕೂತರೆ ಬರುತ್ತಾರೆ. ನನಗೆ ಅಕ್ಷರ ತಿದ್ದಿಸಿದವಳು ನೀನು. ನೀನಿಲ್ಲದ ವ್ಯಾಪಾರ ನನಗೆ ಅರ್ಧ ವ್ಯಾಪಾರ. ಹೂಂ ಎಂದು ಬರೆ.

ಶಂಭು

*

ಗುಂಡ್ಲುಪೇಟೆ
4-9-1955

ಚಿರಂಜೀವಿ ಶಂಭುವಿಗೆ ಶಾಂತಮಲ್ಲಮ್ಮನ ಆಶೀರ್ವಾದ.

ಉತ್ತರ ತಡವಾಯಿತು. ಇಲ್ಲಿ ವಾರಗಟ್ಟಲೆ ಮೋಡ ಮುಚ್ಚಿಕೊಂಡಿತ್ತು. ನೆನ್ನೆ ತೊಟ್ಟಿಗೆ ಬಿಸಿಲು ಬಿತ್ತು, ನಿನ್ನ ಕಾಗದ ಓದಿದೆ. ಇನ್ನು ಮೇಲೆ ಕಪ್ಪು ಶಾಯಿಯಲ್ಲಿ ಸ್ವಲ್ಪ ಬಿಡಿಸಿ ಬರೆ. ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ತಿದ್ದಿಸಿದವಳ ಮರ್ಯಾದೆಯಾದರೂ ನೋಡಬಾರದೆ?

ಅಂಗಡಿಯ ಸುದ್ದಿ ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ನಿನ್ನ ಜಾಣತನಕ್ಕೆ ನಗುವೂ ಬಂತು. ಆ ಚಿಕ್ಕಬೀರಯ್ಯ ಜಿಪುಣನಲ್ಲ ಕಣೋ. ಅವನಿಗೆ ಓದು ಬರುವುದಿಲ್ಲ. ವಕೀಲರು, ಗುಮಾಸ್ತರು ಕೂತ ಅಂಗಡಿಯಲ್ಲಿ ಅಕ್ಷರ ಕೊಟ್ಟು ಕಾಣುತ್ತಾ ಎಂದರೆ ಅವನು ಇನ್ನೇನು ಹೇಳಬೇಕು? ಕಾಣುವುದಿಲ್ಲ ಎಂದರೆ ಕುರುಡ, ಓದಲು ಬರುವುದಿಲ್ಲ ಎಂದರೆ ದಡ್ಡ. ಚೆಂದಾಗಿ ಕಾಣ್ತದ ಎಂದರೆ ಗೌರವವಾಗಿ ಎದ್ದು ಹೋಗಬಹುದು.

ರಟ್ಟನ್ನು ಮೇಷ್ಟ್ರುಗಳಿಗೆ ಇಟ್ಟುಕೋ. ಉಳಿದವರಿಗೆ ಒಂದು ಮೊರ ಇಡು. ಅದರಲ್ಲಿ ಎರಡು ಹಿಡಿ ಅಕ್ಕಿ, ಅಕ್ಕಿಯ ಬಣ್ಣದ್ದೇ ನಾಲ್ಕು ಕಲ್ಲು. ಕಲ್ಲು ಆರಿಸಲು ಯಾರಿಗೂ ಸ್ಕೂಲು ಬೇಡ. ಕಣ್ಣು ಕೆಟ್ಟವರು ಮೊರದ ಮುಂದೆ ಸುಳ್ಳು ಹೇಳಲಾಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು.

ನಮ್ಮ ಅತ್ತೆಯವರಿಗೊಂದು ಚಾಳೀಸು ಕನ್ನಡಕ ಕಳಿಸು. ಎಪ್ಪತ್ತರ ಮೇಲೆ ವಯಸ್ಸು. ಈ ಮನೆಯಲ್ಲಿ ಹೊಸದು ಏನು ಬಂದರೂ, ಮಾವಿನ ಹಣ್ಣಿರಲಿ ರೇಡಿಯೋ ಇರಲಿ, ಅತ್ತೆ ದೊಡ್ಡಮಲ್ಲಮ್ಮನವರು ಮುಟ್ಟಿದ ಮೇಲೆಯೇ ಉಳಿದವರಿಗೆ.

ಗುಂಡ್ಲುಪೇಟೆ ಅಂಗಡಿ ನನ್ನಿಂದಾಗದು. ಕಾರಣ ಕೇಳಬೇಡ.

ಶಾಂತ

*

ಚಾಮರಾಜನಗರ
25-9-1955

ಅಕ್ಕ,

ಮೊರ ಗೆದ್ದಿತು! ಚಿಕ್ಕಬೀರಯ್ಯನನ್ನು ಸಂತೆಯಲ್ಲಿ ಹಿಡಿದು, ಕಾಫಿ ಕುಡಿಸುವ ನೆಪದಲ್ಲಿ ಕರೆತಂದು ಮೊರದ ಮುಂದೆ ಕೂರಿಸಿದೆ. ಬೆರಳಾಡಿಸಿದ, ಒಂದು ಕಲ್ಲೂ ಸಿಗಲಿಲ್ಲ. ಗಾಜು ಹಾಕಿದೆ. ನಾಲ್ಕೂ ಕಲ್ಲು ಎತ್ತಿ ನನ್ನ ಅಂಗೈಗೆ ಹಾಕಿ, “ನಮ್ಮಟ್ಟೀಲಿ ಇಷ್ಟ್ ದಿನ ನಾನ್ ತಿಂದಿದ್ ಕಲ್ಲೆಲ್ಲ ಎಂಡ್ರು ಬೇಕಂತ್ಲೆ ಆಕವ್ಳೆ ಅಂತಿದ್ದೆ ಕಣ್ಲಾ!” ಎಂದ. ಅವನ ಹಿಂದೆ ಅರ್ಧ ಕುದೇರು ಬಂತು. ಈಗ ಬದನಗುಪ್ಪೆಯವರೂ ಮೊರ ಕೇಳಿಕೊಂಡು ಬರುತ್ತಾರೆ. ಬೀದಿಯವರು ನನ್ನನ್ನು ಮೊರದ ಶಂಭುಲಿಂಗಪ್ಪ ಎಂದು ಕರೆಯಲು ಶುರು ಮಾಡಿದ್ದಾರೆ. ಕರೆಯಲಿ. ಮೊರ ಲಕ್ಷ್ಮಿ.

ನಿನ್ನ ಅತ್ತೆಯವರಿಗೆ ಚಾಳೀಸನ್ನು ಬಸ್ಸಿನ ಏಜೆಂಟರ ಕೈಲಿ ಕಳಿಸಿದ್ದೇನೆ. ವಯಸ್ಸು ಹೇಳಿದರೆ ನಂಬರು ಹೆಚ್ಚು ಕಡಿಮೆ ಹೇಳಬಲ್ಲೆ. ಹೊಂದದಿದ್ದರೆ ಬದಲಿಸಿ ಕೊಡುತ್ತೇನೆ.

ಅಕ್ಕ, ಒಂದು ಮಾತು. ಮೋಡ ಕವಿದರೆ ಟಪಾಲು ನಿಲ್ಲುತ್ತದೆ ಎಂದು ನಾನು ಇದುವರೆಗೆ ಕೇಳಿಲ್ಲ. ಕಾಗದವನ್ನೂ ದೊಡ್ಡ ದೊಡ್ಡ ಅಕ್ಷರದಲ್ಲಿ, ಮಕ್ಕಳನ್ನು ಗದರಿಸುವ ಹಾಗೆ ಬರೆದಿದ್ದೀಯ. ಕೋಪವೇ? ಮಂಡಿ ಸಾಹುಕಾರರ ಹೆಂಡತಿ ಮೊರ ಇಟ್ಟುಕೊಂಡು ಅಂಗಡಿಯಲ್ಲಿ ಕೂರುವುದು ಹೇಗೆ ಎಂದು ಸಂಕೋಚವಿದ್ದರೆ ನೇರ ಹೇಳಿಬಿಡು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಸುಳ್ಳು ಹೇಳಿದೆ, ಮಾಡಿಕೊಳ್ಳುತ್ತೇನೆ.

ಶಂಭು

*

ಗುಂಡ್ಲುಪೇಟೆ
9-10-1955

ಶಂಭು,

ನಿನ್ನ ಚಾಳೀಸು ಅತ್ತೆಯವರನ್ನು ಅಂಗಳದಲ್ಲಿ ಕೂರಿಸಿತು. ಬೆಳಿಗ್ಗೆ ಮೂಗಿಗೇರಿಸಿದವರು ಇಳಿಸಲೇ ಇಲ್ಲ. “ಕೊಟ್ಟಿರೋದ್ನ ಇಕ್ಕಳ್ದೆ ಪೆಟ್ಗೇಲಿ ಮಡಗಕ್ಕಾ?” ಎಂದರು. ಹೊಸ್ತಿಲು ಎದೆಮಟ್ಟಕ್ಕೆ ಬಂತೆಂದು ಕಾಲೆತ್ತಿ ಇಟ್ಟರು, ಕುಸಿದು ಕೂತರು. ಪೆಟ್ಟಾಗಲಿಲ್ಲ, ಶಿವ ದೊಡ್ಡವನು. ಆದರೆ ಶಂಭುಲಿಂಗಪ್ಪನ ಕನ್ನಡಕ ಹಾಕಿದರೆ ನೆಲ ಮೇಲೇಳುತ್ತದೆ ಎಂದು ಬಸ್ ಸ್ಟ್ಯಾಂಡಿನವರೆಗೂ ಸುದ್ದಿಯಾಗಿದೆ. ಏನು ಮಾಡಲಿ?

ಶಾಂತ

*

ಚಾಮರಾಜನಗರ
12-10-1955

ಅಕ್ಕ,

ಗಾಜಿನ ತಪ್ಪಲ್ಲ. ಅದು ಹತ್ತಿರ ನೋಡುವ ಗಾಜು, ಹಾಕಿಕೊಂಡು ನಡೆಯಬಾರದು. ಏಜೆಂಟರ ಕೈಲಿ ಬರಿ ಚಾಳೀಸು ಕೊಟ್ಟೆ, ಆ ಮಾತು ಹೇಳಿ ಕಳಿಸಲಿಲ್ಲ. ಹೇಳಿದ್ದರೂ ಯಾರು ಕೇಳುತ್ತಾರೆ? ಇಲ್ಲಿಯೂ ಇದೇ ಗೋಳು. ಕಾಸು ಕೊಟ್ಟಿದ್ದೇವೆ ಎಂದು ಉಳುವಾಗಲೂ ಹಾಕಿಕೊಳ್ಳುತ್ತಾರೆ, ತಲೆ ತಿರುಗಿತು ಎಂದು ತಂದು ಬಿಸಾಡುತ್ತಾರೆ. ಹೋದ ವಾರ ಹೋದದ್ದಕ್ಕಿಂತ ವಾಪಸು ಬಂದದ್ದೇ ಹೆಚ್ಚು. ಮೊರದಿಂದ ಗಳಿಸಿದ ಹೆಸರನ್ನು ಹೊಸ್ತಿಲು ನುಂಗಿಬಿಡುತ್ತದೋ ಏನೋ. ನಿನ್ನ ಅತ್ತೆಯವರಿಗೆ ಎದ್ದೇಳುವಾಗ ತೆಗೆದಿಡಲು ಹೇಳು.

ಶಂಭು

*

ಗುಂಡ್ಲುಪೇಟೆ
6-11-1955

ಚಿ. ಶಂಭುವಿಗೆ,

ಹೇಳಿದರೆ ಕೇಳುವ ಅತ್ತೆ ಯಾವ ಊರಿನಲ್ಲಿ ಸಿಗುತ್ತಾರೆ, ವಿಳಾಸ ಬರೆ. ನಾನು ಹೇಳಲಿಲ್ಲ. ಬೇರೆ ದಾರಿ ಹಿಡಿದೆ.

ಬಿದ್ದ ಮೇಲೆ ಅವರು ಚಾಳೀಸನ್ನು ದೇವರ ಗೂಡಿನ ಪಕ್ಕ ಎಸೆದಿದ್ದರು. ಮಾರನೆಯ ದಿನ ಪೂಜೆಗೆ ಕೂತಾಗ, “ಅವ್ವ, ಲಿಂಗಯ್ಯನ್ನ ನೋಡಕ್ಕಾದ್ರೂ ಒಂದ್ಸಲ ಇಕ್ಕಿ” ಎಂದು ಕೈಗೆ ಕೊಟ್ಟೆ. ಗೊಣಗಿಕೊಂಡೇ ಹಾಕಿದರು. ಎಡ ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ದೀಪ. ನಾನು ಒಲೆಯ ಹತ್ತಿರ ಹೋಗಿದ್ದೆ. ಬಹಳ ಹೊತ್ತಾದರೂ ಮಂತ್ರದ ಸದ್ದಿಲ್ಲ. ಹೆದರಿ ಬಂದು ನೋಡಿದರೆ ಕೆನ್ನೆ ತುಂಬ ನೀರು. “ಚುಕ್ಕಿ ಬಂತು ಕಣಮ್ಮಿ” ಎಂದರು. ಲಿಂಗದ ಕಪ್ಪಿನ ಮೇಲೆ ದೀಪದ ಬೆಳಕು ಚುಕ್ಕಿಯಾಗಿ ಕೂರುತ್ತದಲ್ಲ, ಅದು. ಎಷ್ಟೋ ವರ್ಷದಿಂದ ಅವರಿಗೆ ಅದು ಕಾಣುತ್ತಿರಲಿಲ್ಲವಂತೆ. ತನ್ನಲ್ಲೇ ಏನೋ ಕೊರತೆಯಿದೆ, ಶಿವನೇ ಮುಖ ತಿರುಗಿಸಿದ್ದಾನೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ನನಗೂ ಅಳು ಬಂತು ಶಂಭು.

ಆಗ ಹೇಳಿದೆ, “ಇದು ಪೂಜೆ ಕನ್ನಡಕ ಅವ್ವ. ಪೂಜೆ ಮುಗುದ್ಮೇಲೆ ವಿಭೂತಿ ಜೊತೆ ಎತ್ತಿ ಮಡಗ್ಬೇಕು.” ಈಗ ಅದಕ್ಕೊಂದು ಮರದ ಭರಣಿ, ಕೆಂಪು ವಸ್ತ್ರ. ಪೂಜೆ ಮುಗಿಯುತ್ತಲೂ ಅದು ಒಳಗೆ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಹೊಸ್ತಿಲು ತನ್ನ ಜಾಗಕ್ಕೆ ಮರಳಿದೆ.

ನೀನೂ ಹಾಗೆಯೇ ಮಾರು. ಪೆಟ್ಟಿಗೆಯ ಜೊತೆ ಒಂದು ಕೆಂಪು ವಸ್ತ್ರ ಕೊಡು. ಯಾವಾಗ ತೆಗೆಯಬೇಕೆಂದು ನೀನು ಹೇಳಬೇಕಾಗಿಲ್ಲ, ವಸ್ತ್ರವೇ ಹೇಳುತ್ತದೆ.

ನನ್ನ ಅಂಗಡಿಯ ಮಾತು ಮತ್ತೆ ಎತ್ತಬೇಡ.

ಶಾಂತ

*

ಚಾಮರಾಜನಗರ
12-1-1956

ಅಕ್ಕ,

ಪೂಜೆಯ ಕನ್ನಡಕ ಹೋದ ಹಾಗೆ ನನ್ನ ಅಂಗಡಿಯಲ್ಲಿ ಯಾವ ಕನ್ನಡಕವೂ ಹೋಗಿಲ್ಲ. ಒಂದು ಮಠದ ಅಯ್ಯನವರು ಕೊಂಡ ಮೇಲಂತೂ ಕೇಳಬೇಡ. ತಮ್ಮ ತಾಯಿಗೆ, ಅತ್ತೆಗೆ ಎಂದು ಗಂಡಸರು ವಯಸ್ಸು ಹೇಳಿ ಒಯ್ಯುತ್ತಾರೆ. ವಾಪಸು ಬರುವುದು ನಿಂತಿತು. ಬಾಡಿಗೆ, ಖರ್ಚು ಎಲ್ಲ ಕಳೆದು ಕೈಯಲ್ಲಿ ಲಾಭ ನಿಲ್ಲುತ್ತಿದೆ. ಬೊಂಬಾಯಿಯಿಂದ ನೇರ ಫ್ರೇಮು ತರಿಸುವಷ್ಟು ಬೆಳೆದಿದ್ದೇನೆ. ಇದರಲ್ಲಿ ಅರ್ಧ ಬುದ್ಧಿ ನಿನ್ನದು. ಅರ್ಧ ಅಂದದ್ದು ನನ್ನ ಮಾನ ಉಳಿಸಿಕೊಳ್ಳಲು.

ಆದರೆ ವಯಸ್ಸು ಕೇಳಿ ಕೊಟ್ಟ ಕನ್ನಡಕ ಎಲ್ಲರಿಗೂ ಹೊಂದುವುದಿಲ್ಲ. ಹೆಂಗಸರನ್ನು ಎದುರಿಗೆ ಕೂರಿಸಿ ನೋಡುವವರು ಬೇಕು. ಶಿವರಾತ್ರಿಯೊಳಗೆ ಗುಂಡ್ಲುಪೇಟೆಯಲ್ಲಿ ಅಂಗಡಿ ತೆರೆಯಲೇಬೇಕು. ನಂಜನಗೂಡಿನ ಶಿವರುದ್ರಸ್ವಾಮಿ ಎಂಬುವವರು ಹೆಂಡತಿಯೊಡನೆ ಬಂದು ನಡೆಸಲು ಸಿದ್ಧರಿದ್ದಾರೆ. ಅವರಿಗೆ ಮಾತು ಕೊಡುವ ಮುಂಚೆ ಕೊನೆಯ ಸಲ ಕೇಳುತ್ತಿದ್ದೇನೆ.

ದೀಪಾವಳಿಯಿಂದ ನಾನು ಮೂರು ಕಾಗದ ಬರೆದೆ. ನೀನು ಎರಡು ಸಾಲಿನ ಒಂದು ಕಾರ್ಡು ಹಾಕಿದೆ. ಊರಿನವರಿಗೆಲ್ಲ ಬುದ್ಧಿ ಹೇಳುತ್ತೀಯ, ನನ್ನ ಜೊತೆ ಕೂತು ವ್ಯಾಪಾರ ಮಾಡುವುದು ಮಾತ್ರ ನಿನಗೆ ಕೀಳಾಯಿತು. ನೋವಾಗುತ್ತದೆ ಅಕ್ಕ, ಅದಕ್ಕೇ ಬರೆದೆ.

ಶಂಭು

*

ಗುಂಡ್ಲುಪೇಟೆ
20-1-1956

ಶಂಭು,

ಅವರಿಗೇ ಕೊಡು. ನಿನಗೆ ಒಳ್ಳೆಯದಾಗಲಿ.

ಶಾಂತ

*

ಗುಂಡ್ಲುಪೇಟೆ
5-2-1956

ಶಂಭು,

ಈ ಕಾಗದ ಬರೆಯುತ್ತಿರುವ ಕೈ ಮಾತ್ರ ನನ್ನದು. ಹೇಳುತ್ತಿರುವವರು ಅತ್ತೆಯವರು. ಒಂದು ಮಾತನ್ನೂ ನುಂಗಬಾರದೆಂದು ಎದುರಿಗೇ ಕೂತಿದ್ದಾರೆ. ಓದಲು ಬರದಿದ್ದರೂ ಸಾಲು ಉದ್ದವಾಗುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದಾರೆ. ಇನ್ನು ಮುಂದೆ ಅವರ ಮಾತು.

“ಏನ್ಲಾ ಶಂಭುಲಿಂಗ, ಚೆಂದಾಗಿದ್ದೀಯಾ? ನಿನ್ ಕನ್ನಡಕ ಚೆಂದಾಗದ. ನಿನ್ ಕಣ್ಣೇ ಸರ್ಯಾಗಿಲ್ಲ. ಊರೋರ್ ಕಣ್ಣೆಲ್ಲ ನೋಡ್ದೆ, ಒಡುಟ್ಟಿದ್ ಅಕ್ಕನ್ ಕಣ್ ನೋಡ್ನಿಲ್ಲ.

ಬರಿ ಕಣಮ್ಮಿ, ಯಾಕ್ ನಿಲ್ಲಿಸ್ದೆ? ಬರಿ.

ಸಂಕ್ರಾಂತಿ ಆದಾಗ್ಲಿಂದ ಅನ್ನದಲ್ಲಿ ಕಲ್ಲು. ಸೊಸೆಗೆ ಸೊಕ್ಕು ಬಂತು ಅಂದ್ಕಂಡೆ. ತಮ್ಮ ಸಾವ್ಕಾರ ಆದ, ಇವ್ಳಿಗೆ ಮೊರ ಇಡ್ಯಕ್ಕೆ ನಾಚ್ಕೆ ಅಂತ ಬಾಯಿಗ್ ಬಂದಂಗೆ ಅಂದ್ಬುಟ್ಟೆ. ನೆನ್ನೆ ಪೂಜೆ ಮುಗುಸ್ಕಂಡು, ಕನ್ನಡಕ ಎತ್ತಿ ಮಡಗದ್ ಮರ್ತು, ಅಂಗೇ ತಿರುಕ್ಕಂಡೆ. ಇವ್ಳು ನನ್ ಮಗ್ಲಲ್ಲೇ ತೊಟ್ಟಿ ಬಿಸುಲಲ್ಲಿ ನಿಂತ್ಕಂಡು ನಿನ್ ಕಾಗ್ದ ಓದ್ತಾವ್ಳೆ. ಕಾಗ್ದ ಇಡ್ದಿರೊ ಕೈ ಎತ್ಲಾಗೋ, ಮಕ ಎತ್ಲಾಗೋ. ಕೈ ಇನ್ನೊಂದ್ ಮೊಳ ಉದ್ದ ಇದ್ದಿದ್ರೆ ಓದ್ಬುಡೋಳು ಪಾಪ. ಕಣ್ಣಲ್ ನೀರು ಬೇರೆ.

ಕರ್ದು ಕೇಳ್ದೆ. ‘ಲೇ, ನೀನೂ ಲಿಂಗ ಕಟ್ಟಿದ್ದೀಯಲ್ಲ, ನಿಂಗೆ ಚುಕ್ಕಿ ಕಾಣ್ತದ?’ ಅಂದೆ. ಸೆರಗಲ್ ಕಣ್ ಒರಸ್ಕಂಡ್ಲು. ಸಾಕಾಯ್ತು ನಂಗೆ.

ಯಾಕ್ ಏಳ್ನಿಲ್ಲ ಅಂದ್ರೆ, ಅತ್ತೆ ಮುಂದೆ ಸೊಸೆ ಕನ್ನಡಕ ಇಕ್ಕೋದು ಮರ್ಯಾದೆ ಅಲ್ಲ ಅಂತ ನಾನೇ ಒಂದ್ಸಲ ಅಂದಿದ್ನಂತೆ. ಅದೂ ಮೂಲೆ ಮನೆ ಮೇಷ್ಟ್ರ ಸೊಸೆಗೆ. ನಾನು ದಿನಕ್ ನೂರ್ ಅಂತೀನಿ, ಅದ್ನೆಲ್ಲ ಮನಸ್ಗೆ ಆಕಳಕ್ಕಾಯ್ತದ? ಮೊದ್ಲು ನಂಗ್ ಇಕ್ಸಿ ಆಮೇಲ್ ತಾನ್ ಇಕ್ಕಳವ ಅಂತಿದ್ಲಂತೆ. ಅಷ್ಟ್ರಲ್ಲಿ ಅದು ಪೂಜೇದಾಯ್ತು. ಮುಟ್ಟಂಗಿಲ್ಲ ಅಂತ ತಾನೇ ಮಾಡಿದ್ ಕಟ್ಟು, ತನ್ನೇ ಕಟ್ ಆಕ್ತು. ಜಾಣೆ!

ನನ್ ಮೂಗಿಂದ ತೆಗ್ದು ಅವ್ಳ ಮೂಗ್ಗೆ ಇಕ್ದೆ. ‘ಪೂಜೇದು ಅವ್ವ’ ಅಂದ್ಲು. ‘ಲಿಂಗ ಕಟ್ಟಿದೋರ್ಗೆ ಎಂಥ ಮೈಲ್ಗೆ? ಲಿಂಗ ನೋಡಿದ್ ಕನ್ನಡಕ ಸೊಸೆ ಮಕದ್ ಮ್ಯಾಲ್ ಕುಂತ್ರೆ ಕೆಟ್ಟೋಯ್ತದ?’ ಅಂದೆ. ಈಗ ಅದ್ನೇ ಇಕ್ಕಂಡು ಬರೀತಾವ್ಳೆ. ನಂಬರ್ ಜಾಸ್ತಿಯಂತೆ, ತಲೆ ನೋಯ್ತದಂತೆ. ಆದ್ರೂ ಇಕ್ಕಂಡವ್ಳೆ.

ಕೇಳ್ಲಾ. ನಿನ್ ಭಾವ ಚಿಕ್ಕಮಲ್ಲಪ್ಪ ನನ್ನೊಟ್ಟೇಲಿ ಉಟ್ಟಿದೋನು, ನನ್ ಮಾತ್ ಮೀರಂಗಿಲ್ಲ. ಮುಂದಿನ್ ಕೋಣೆಯಿಂದ ಅವ್ನ ಅತ್ತಿ ಮೂಟೆ ಇವತ್ತೆ ಎತ್ತಿಸ್ದೆ. ಆ ನಂಜನಗೂಡ್ನೋನ್ಗೆ ಮಾತ್ ಕೊಟ್ಟೀಯ, ಜ್ವಾಕೆ! ಅಂಗ್ಡಿ ಇವ್ಳುದು. ಮೊದಲ್ನೇ ದಿನ ನಾನೇ ಬಾಗ್ಲಲ್ ಕುಂತ್ಕತೀನಿ. ಯಾವ್ ಅತ್ತೆ ಯಾವ್ ಸೊಸೇನ ತಡೀತಾಳೋ ನಾನೂ ನೋಡ್ತೀನಿ.”

ಇಷ್ಟೇ ಅವರು ಹೇಳಿದ್ದು. ನನ್ನ ಮಾತು ಒಂದೇ. ಕೀಳು ಎಂದಲ್ಲ ಶಂಭು. ಕಣ್ಣು ಕಾಣದವಳು ಕನ್ನಡಕದ ಅಂಗಡಿಯಲ್ಲಿ ಕೂತು ನಿನ್ನ ಹೆಸರು ಕೆಡಿಸಬಾರದು ಎಂದು.

ಶಾಂತ

*

ಚಾಮರಾಜನಗರ
8-2-1956

ಅಕ್ಕ,

ನಿನ್ನ ಕಾಗದಗಳನ್ನೆಲ್ಲ ಗಲ್ಲಾಪೆಟ್ಟಿಗೆಯ ಮೇಲೆ ಸಾಲಾಗಿ ಹಾಸಿದೆ. ಸೆಪ್ಟೆಂಬರಿನ ಅಕ್ಷರ ಕಡಲೆಯಷ್ಟಿದ್ದರೆ ಕೊನೆಯ ಕಾರ್ಡಿನದು ನನ್ನ ರಟ್ಟಿನ ಮೇಲಿನ ಸಾಲಿನ ಹಾಗೆ ಅಡಿಕೆಯಷ್ಟು. ನಂಬರನ್ನು ಅಲ್ಲೇ ಅಳೆಯಬಹುದಿತ್ತು. ಮೋಡಕ್ಕೂ ಕಾಗದಕ್ಕೂ ಏನು ಸಂಬಂಧ ಎಂದು ಹಂಗಿಸಿದೆನಲ್ಲ, ಮೈಸೂರಿನಲ್ಲಿ ಅಷ್ಟು ವರ್ಷ ನಾನು ಕಲಿತದ್ದಾದರೂ ಏನು? ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನನಗೆ ಎಪ್ಪತ್ತರ ಮುದುಕಿ ಬೇಕಾದರು.

ಶಿವರುದ್ರಸ್ವಾಮಿಯವರಿಗೆ ಕೈಮುಗಿದು ಹೇಳಿ ಕಳಿಸಿದೆ. ಅವರಿಗೆ ನಂಜನಗೂಡಿನಲ್ಲೇ ಅಂಗಡಿ ನೋಡುತ್ತೇನೆ. ನಿನಗೆ ಮಾತ್ರ ವಯಸ್ಸು ಕೇಳಿ ಬಸ್ಸಿನಲ್ಲಿ ಚಾಳೀಸು ಕಳಿಸುವುದಿಲ್ಲ. ಗಾಜಿನ ಪೆಟ್ಟಿಗೆ ಹೊತ್ತುಕೊಂಡು ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಂಗಡಿಯ ಮೊದಲ ಗಿರಾಕಿ ಅಂಗಡಿಯವಳೇ. ನಿನ್ನ ಅತ್ತೆಯವರಿಗೆ ನನ್ನ ಸಾಷ್ಟಾಂಗ.

ಶಂಭು

*

ಗುಂಡ್ಲುಪೇಟೆ
17-6-1956

ಚಿ. ಶಂಭುವಿಗೆ,

ಇಲ್ಲಿ ಮೋಡ ಕವಿದು ಕತ್ತಲಾಗಿದೆ. ಒಳಗೆ ಕೂತೇ ಬರೆಯುತ್ತಿದ್ದೇನೆ.

ಸಂತೆ ದಿನ ನನ್ನ ಅಂಗಡಿಯಲ್ಲಿ ಜಾಗ ಸಾಲದು. ಬಂಡೀಪುರದ ಫಾರೆಸ್ಟ್ ಗಾರ್ಡುಗಳ ಹೆಂಡಿರು, ಮಲಬಾರಿನ ಕಡೆಗೆ ಹೋಗುವ ವ್ಯಾಪಾರಿಗಳ ಮನೆಯವರು, ಹೂ ಕಟ್ಟುವ ಮಂಗಮ್ಮ, ಎಲ್ಲರೂ ಬಂದರು. ಮಂಗಮ್ಮನಿಗೆ ಮೊರ ಇಡಲಿಲ್ಲ, ಮಲ್ಲಿಗೆ ಮೊಗ್ಗು ಮತ್ತು ದಾರ ಇಟ್ಟೆ. ಯಾರ ಕಣ್ಣು ಯಾವ ಕೆಲಸಕ್ಕೆ ಬೇಕೋ ಆ ಕೆಲಸವನ್ನೇ ಮುಂದಿಡುತ್ತೇನೆ. ಒಂದೂ ವಾಪಸು ಬಂದಿಲ್ಲ. ಮೇ ತಿಂಗಳ ನನ್ನ ಲಾಭ ನಿನ್ನ ಲಾಭವನ್ನು ಹಿಂದೆ ಹಾಕಿದೆ ಎಂದು ನಿಮ್ಮ ಭಾವ ಲೆಕ್ಕ ಮಾಡಿ ಹೇಳಿದರು. ಅವರ ಮುಖದಲ್ಲಿ ಹತ್ತಿ ಮೂಟೆ ಎತ್ತಿಸಿದ ಸಿಟ್ಟು ಈಗಿಲ್ಲ.

ಅತ್ತೆಯವರು ಬಾಗಿಲಿನಲ್ಲೇ ಇರುತ್ತಾರೆ. ಸೊಸೆಯನ್ನು ಕರೆತಂದ ಅತ್ತೆಗೆ ಎಲೆಯಡಿಕೆ, ಒಬ್ಬಳೇ ಬಂದ ಅತ್ತೆಗೆ ಬೈಗುಳ. “ನಿನ್ ಸೊಸೆ ಎಲ್ಲಿ? ಓಗು, ಕರ್ಕಂಡ್ ಬಾ” ಎಂದು ವಾಪಸು ಕಳಿಸುತ್ತಾರೆ. ವ್ಯಾಪಾರ ಇಮ್ಮಡಿಯಾಗಿರುವುದು ಹೀಗೆ. ಬೆಳಿಗ್ಗೆ ಇಬ್ಬರೂ ಜೊತೆಗೇ ಪೂಜೆಗೆ ಕೂರುತ್ತೇವೆ. ಅವರದೊಂದು ಚುಕ್ಕಿ, ನನ್ನದೊಂದು ಚುಕ್ಕಿ. ಯಾರದು ದುಂಡಗಿದೆ ಎಂದು ಅವರು ಜಗಳ ತೆಗೆಯುತ್ತಾರೆ.

ನನ್ನ ಅಕ್ಷರ ಮತ್ತೆ ಸಾಸಿವೆಯಷ್ಟಾಗಿದೆ, ನೋಡಿದೆಯಾ? ಬೇಕೆಂದೇ ಇಷ್ಟು ಸಣ್ಣದಾಗಿ ಬರೆದೆ. ಏಕೆಂದರೆ ನಿನ್ನ ಹೋದ ತಿಂಗಳ ಕಾಗದ ಮತ್ತು ಈ ತಿಂಗಳ ಕಾಗದ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನಿನಗೂ ಈ ಶ್ರಾವಣಕ್ಕೆ ನಲವತ್ತೊಂದು. ಇದನ್ನು ಅಂಗಡಿಯ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು, ಕೈ ಚಾಚಿ ಓದುತ್ತಿದ್ದರೆ ಅಲ್ಲೇ ನಿಲ್ಲಿಸು. ಭಾನುವಾರದ ಬಸ್ಸಿಗೆ ಬಂದು ನನ್ನ ಮೊರದ ಮುಂದೆ ಕೂರು. ತಮ್ಮನೆಂದು ಬೆಲೆ ಇಳಿಸುವುದಿಲ್ಲ.

ಶಾಂತ